ತಾರಸಿಯಲ್ಲೇ ಉಳಿದ ಸಂಡಿಗೆ: ನಮ್ಮ ಮನೆಯ ‘ಡಿಜಿಟಲ್ ಅರೆಸ್ಟ್’ ಪ್ರಕರಣ

ಪಕ್ಕದ ಮನೆ ಅಕ್ಕ ಸಂಡಿಗೆ ನೋಡಿ ನನಗೆ ಫೋನ್ ಮಾಡಿದರು. ದೊಡ್ಡಮ್ಮ ಮಂಗಳವಾರ ಬೆಳಿಗ್ಗೆ ತಾರಸಿಯಲ್ಲಿ ಹಳೇ ಪಂಚೆ ಹಾಸಿ ಅರಳು ಸಂಡಿಗೆ ಹಾಕಿದ್ದರು. ಸಂಜೆ ಒಂದು ಮಳೆ ಬಂತು. ಸಂಡಿಗೆ ನೆನೆದು ಹಿಟ್ಟಾಯಿತು. ಬುಧವಾರ ಸಂಜೆಯಾದರೂ ಪಂಚೆ ಅಲ್ಲೇ ಇತ್ತು. ಹನಿ ಬೀಳುವ ಮೊದಲೇ ಓಡಿ ಹೋಗಿ ಸಂಡಿಗೆ ಎತ್ತುವ ಪೈಕಿ ನಮ್ಮ ದೊಡ್ಡಮ್ಮ. ಅಕ್ಕ ಹೋಗಿ ಬೆಲ್ ಮಾಡಿದರೆ ಬಾಗಿಲು ತೆಗೆಯಲಿಲ್ಲವಂತೆ. ಒಳಗಿನಿಂದಲೇ ‘ಹುಷಾರಿಲ್ಲ, ಮಲಗಿದೀನಿ’ ಅಂದರಂತೆ. ‘ಧ್ವನಿ ಯಾಕೋ ಸರಿ ಇರಲಿಲ್ಲ ಕಣೇ, ಒಂದ್ಸಲ ಬಂದು ಹೋಗು’ ಅಂತ ಅಕ್ಕ ಹೇಳಿದಾಗ ಸಂಜೆ 7 ಗಂಟೆ.

ಇದು 2025ರ ಏಪ್ರಿಲ್‌ನ ಮಾತು. ಊರು ಶಿವಮೊಗ್ಗ. ದೊಡ್ಡಮ್ಮನಿಗೆ ಆಗ 68 ವರ್ಷ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್ ಆಗಿ ನಿವೃತ್ತರಾದವರು. ದೊಡ್ಡಪ್ಪ ಇಲ್ಲ, ಮಗ ಪುಣೆಯಲ್ಲಿ. ನಾನು ಅದೇ ಊರಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕೆಲಸ ಮಾಡುತ್ತೇನೆ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗುವುದನ್ನು ದಿನಾ ನೋಡುವವಳು. ಆದರೂ ಅವತ್ತು ರಾತ್ರಿ ನಾನೇ ಒಂದು ದೊಡ್ಡ ತಪ್ಪು ಮಾಡಿದೆ. ಇದನ್ನೆಲ್ಲ ಬರೆಯುತ್ತಿರುವುದು ಮುಖ್ಯವಾಗಿ ಆ ತಪ್ಪಿಗಾಗಿ. ಬರೆಯಲು ದೊಡ್ಡಮ್ಮನೇ ಒಪ್ಪಿದ್ದಾರೆ. ‘ಹೆಸರು ಬೇಡ, ಬ್ಯಾಂಕಿನ ಹೆಸರೂ ಬೇಡ. ಉಳಿದದ್ದನ್ನೆಲ್ಲ ಬರಿ’ ಅಂದಿದ್ದಾರೆ.

ಮಂಗಳವಾರ ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ಬಂದದ್ದು ರೆಕಾರ್ಡ್ ಮಾಡಿದ ಧ್ವನಿ. ‘ಟ್ರಾಯ್‌ನಿಂದ ಕರೆ. ನಿಮ್ಮ ಮೊಬೈಲ್ ನಂಬರ್ 2 ಗಂಟೆಯೊಳಗೆ ಬಂದ್ ಆಗುತ್ತದೆ. ಹೆಚ್ಚಿನ ಮಾಹಿತಿಗೆ 9 ಒತ್ತಿ.’ ಟ್ರಾಯ್ ಅಂದರೆ ಟೆಲಿಕಾಂ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ. ದೊಡ್ಡಮ್ಮ ಒತ್ತಿದರು. ಮಗನ ಜೊತೆ ಮಾತಾಡುವುದಕ್ಕೆ, ಪಿಂಚಣಿಯ ಮೆಸೇಜಿಗೆ, ಗ್ಯಾಸ್ ಬುಕ್ ಮಾಡುವುದಕ್ಕೆ ಇರುವುದು ಅದೊಂದೇ ನಂಬರ್. ಯಾರಾದರೂ ಒತ್ತುತ್ತಿದ್ದರು ಅಲ್ವಾ? ಟ್ರಾಯ್ ಯಾರ ನಂಬರನ್ನೂ ಕಟ್ ಮಾಡುವುದಿಲ್ಲ, ಅದಕ್ಕಾಗಿ ಫೋನೂ ಮಾಡುವುದಿಲ್ಲ ಅನ್ನುವುದು ಅವರಿಗೆ ಗೊತ್ತಿರಲಿಲ್ಲ.

ಲೈನಿಗೆ ಬಂದವನು ಹಿಂದಿ, ಇಂಗ್ಲಿಷ್ ಬೆರೆಸಿ ಮಾತಾಡಿದ. ನಿಮ್ಮ ಆಧಾರ್ ಕೊಟ್ಟು ಮುಂಬೈಯಲ್ಲಿ ಒಂದು ಸಿಮ್ ತಗೊಂಡಿದ್ದಾರೆ, ಅದರಿಂದ ಅಶ್ಲೀಲ ಮೆಸೇಜ್ ಹೋಗಿದೆ, ಎಫ್‌ಐಆರ್ ಆಗಿದೆ ಅಂದ. ‘ನಾನಲ್ಲ’ ಅಂದಾಗ, ‘ನೀವಲ್ಲ ಅಂತ ನಮಗೂ ಅನ್ನಿಸುತ್ತದೆ, ಅದನ್ನೇ ಪೊಲೀಸರಿಗೆ ಹೇಳಿ’ ಅಂತ ಕಾಲ್ ದಾಟಿಸಿದ. ಮುಂದಿನದ್ದೆಲ್ಲ ವಾಟ್ಸಾಪ್ ವಿಡಿಯೊ ಕಾಲ್‌ನಲ್ಲಿ. ಸಮವಸ್ತ್ರ ಹಾಕಿದ ಗಂಡಸು, ಹಿಂದೆ ಗೋಡೆಯ ಮೇಲೆ ಲಾಂಛನ, ಪಕ್ಕದಲ್ಲಿ ಬಾವುಟ, ಹಿನ್ನೆಲೆಯಲ್ಲಿ ವೈರ್‌ಲೆಸ್ ಸದ್ದು. ಸಿಮ್ ಕೇಸು ಅರ್ಧ ಗಂಟೆಯಲ್ಲಿ ಹವಾಲಾ ಕೇಸಾಯಿತು. ‘ನಿಮ್ಮ ಹೆಸರಿನ ಖಾತೆಯಲ್ಲಿ ಕೋಟಿಗಟ್ಟಲೆ ಕಪ್ಪು ಹಣ ಬಂದಿದೆ. ಈ ಕ್ಷಣದಿಂದ ನೀವು ಡಿಜಿಟಲ್ ಅರೆಸ್ಟ್‌ನಲ್ಲಿ ಇದ್ದೀರಿ. ಕ್ಯಾಮೆರಾ ಮುಂದಿನಿಂದ ಏಳಬಾರದು. ಯಾರಿಗೂ ಹೇಳಬಾರದು. ಹೇಳಿದರೆ ನಿಮ್ಮ ಮಗನನ್ನೂ ಸೇರಿಸುತ್ತೇವೆ.’

ಆ ದಿನ ರಾತ್ರಿ ಅವರು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಅದರ ಮುಂದೆ ಕುರ್ಚಿಯಲ್ಲೇ ಕೂತಿದ್ದರು. ಬಚ್ಚಲಿಗೆ ಹೋಗಬೇಕಾದರೆ ‘ಸರ್, ಹೋಗಿ ಬರಲಾ’ ಅಂತ ಕೇಳಬೇಕಿತ್ತು. ಮೂವತ್ತೇಳು ವರ್ಷ ಪಾಠ ಮಾಡಿದವರು. ಇದನ್ನು ನನಗೆ ಹೇಳುವಾಗ ಮುಖ ಗೋಡೆಯ ಕಡೆ ತಿರುಗಿಸಿಕೊಂಡಿದ್ದರು.

ಇನ್ನೊಂದು ವಿಷಯ ನಾನು ಮರೆಯಲಾರೆ. ರಾತ್ರಿ ಒಂಬತ್ತರ ಹೊತ್ತಿಗೆ ಕನ್ನಡ ಮಾತಾಡುವ ಒಬ್ಬ ಬಂದನಂತೆ. ‘ಅಮ್ಮಾ, ನಾನೂ ನಮ್ಮ ಕಡೆಯವನೇ. ಊಟ ಮಾಡಿದ್ರಾ? ಸಾಹೇಬ್ರು ಸ್ವಲ್ಪ ಖಡಕ್ಕು. ನಾನು ಮಾತಾಡಿ ನೋಡ್ತೀನಿ, ನೀವು ಹೆದರಬೇಡಿ.’ ಹನ್ನೊಂದು ಗಂಟೆ ಬೆದರಿಸಿದ ಮೇಲೆ ಬಂದ ಒಂದೇ ಒಂದು ಮೆತ್ತನೆಯ ಮಾತು, ಅದೂ ಕನ್ನಡದಲ್ಲಿ. ದೊಡ್ಡಮ್ಮ ಅತ್ತುಬಿಟ್ಟರು. ಅವನಿಗೆ ತಮ್ಮ ಎಫ್‌ಡಿ ಎಷ್ಟಿದೆ, ಲಾಕರ್‌ನಲ್ಲಿ ಏನಿದೆ, ಎಲ್ಲ ಹೇಳಿದರು. ಹೆದರಿಸಿ ಕೇಳಿದ್ದಕ್ಕೆ ಹೇಳದ್ದನ್ನು ಅಕ್ಕರೆಯಿಂದ ಕೇಳಿದಾಗ ಹೇಳಿದರು.

ಬುಧವಾರ ಬೆಳಿಗ್ಗೆ ಅವನೇ ದಾರಿ ತೋರಿಸಿದ. ಹಣವನ್ನೆಲ್ಲ ‘ರಿಸರ್ವ್ ಬ್ಯಾಂಕಿನ ಪರಿಶೀಲನಾ ಖಾತೆ’ಗೆ ಹಾಕಬೇಕು, ಸ್ವಚ್ಛ ಅಂತ ಗೊತ್ತಾದ ಮೇಲೆ 48 ಗಂಟೆಯಲ್ಲಿ ವಾಪಸ್ ಬರುತ್ತದೆ. ದೊಡ್ಡಮ್ಮ ಆಟೋದಲ್ಲಿ ಬ್ಯಾಂಕಿಗೆ ಹೋದರು. ಫೋನ್ ಚಾಲೂ ಇಟ್ಟುಕೊಂಡು, ಬ್ಯಾಗಿನಲ್ಲಿ ಹಾಕಿಕೊಂಡು. ಎಫ್‌ಡಿ ಮುರಿಸಿದರು. ಕೌಂಟರಿನಲ್ಲಿದ್ದ ಅಧಿಕಾರಿ, ಒಬ್ಬ ಚಿಕ್ಕ ಹುಡುಗಿ, ‘ಇಷ್ಟು ದುಡ್ಡು ಯಾಕೆ ಮೇಡಂ’ ಅಂತ ಕೇಳಿದಳು. ದೊಡ್ಡಮ್ಮ ಹೇಳಿಕೊಟ್ಟಂತೆ ‘ಮಗ ಸೈಟ್ ತಗೋತಿದ್ದಾನೆ’ ಅಂದರು. 6,40,000 ರೂಪಾಯಿ ಆರ್‌ಟಿಜಿಎಸ್ (ದೊಡ್ಡ ಮೊತ್ತವನ್ನು ಇನ್ನೊಂದು ಬ್ಯಾಂಕಿಗೆ ಕೂಡಲೇ ಕಳಿಸುವ ವಿಧಾನ) ಆಯಿತು. ಮಧ್ಯಾಹ್ನ 4ಕ್ಕೆ ಮನೆಯಿಂದಲೇ ಮೊಬೈಲ್‌ನಲ್ಲಿ ಇನ್ನೂ 1,90,000 ಐಎಂಪಿಎಸ್ (ಮೊಬೈಲಿನಿಂದ ತಕ್ಷಣ ಹಣ ಕಳಿಸುವ ವಿಧಾನ). ಗುರುವಾರ ಲಾಕರ್‌ನಲ್ಲಿದ್ದ ಬಂಗಾರ ಅಡವಿಡುವುದು ಅಂತ ತೀರ್ಮಾನವಾಗಿತ್ತು.

ನಾನು ಹೋದಾಗ

ದೊಡ್ಡಮ್ಮ ಬಾಗಿಲು ತೆಗೆದು ತುಟಿಯ ಮೇಲೆ ಬೆರಳಿಟ್ಟರು. ಊಟದ ಮೇಜಿನ ಮೇಲೆ ಸಕ್ಕರೆ ಡಬ್ಬಿ, ಡಬ್ಬಿಗೆ ಒರಗಿದ ಫೋನ್, ಫೋನಿನಲ್ಲಿ ಸಮವಸ್ತ್ರದವನು. ನನಗೆ ತಕ್ಷಣ ಗೊತ್ತಾಯಿತು. ಹೋಗಿ ಕಾಲ್ ಕಟ್ ಮಾಡಿದೆ. ‘ಅಯ್ಯೋ ಮಾಡಬೇಡ ಕಣೇ, ಮನೆಗೆ ಪೊಲೀಸ್ ಬರ್ತಾರೆ’ ಅಂತ ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡು ನಡುಗಿದರು.

ಆಗ ನಾನು ಕೂಗಾಡಿದೆ. ‘ಪೇಪರ್ ಓದಲ್ವಾ ನೀವು? ಟೀಚರ್ ಆಗಿ ಇಷ್ಟೂ ಗೊತ್ತಾಗಲ್ವಾ?’ ಇನ್ನೂ ಏನೇನೋ ಅಂದೆ. ಹೆದರಿ ಅಂದದ್ದು, ಆದರೆ ಅಂದದ್ದು ಅಂದದ್ದೇ. ಅದಾದ ಮೇಲೆ ‘ದುಡ್ಡು ಏನಾದ್ರೂ ಕಳಿಸಿದ್ರಾ?’ ಅಂತ ಕೇಳಿದೆ.

‘ಇಲ್ಲ’ ಅಂದರು.

ನಾನು ನಂಬಿದೆ. ಅವರಿಗೆ ಸಾರು-ಅನ್ನ ಬಡಿಸಿ, ಅಲ್ಲೇ ಮಲಗಿದೆ. ಗುರುವಾರ ಬೆಳಿಗ್ಗೆ 6 ಗಂಟೆಗೆ ಕಾಫಿ ಕೊಡುತ್ತಾ, ಲೋಟ ಕೈಗೆ ಕೊಟ್ಟ ಮೇಲೂ ಬಿಡದೆ ಹಿಡಿದುಕೊಂಡು, ‘ಕಳಿಸಿದ್ದೆ ಕಣೇ, ಎಂಟು ಲಕ್ಷ ಮೂವತ್ತು ಸಾವಿರ’ ಅಂದರು. ‘ನಿನ್ನೆ ನೀನು ಬೈದೆಯಲ್ಲ, ಹೇಳೋಕೆ ಧೈರ್ಯ ಬರಲಿಲ್ಲ.’

ಸಂಜೆ 7.15ರಿಂದ ಬೆಳಿಗ್ಗೆ 6ರವರೆಗೆ, ಹೆಚ್ಚುಕಮ್ಮಿ ಹನ್ನೊಂದು ಗಂಟೆ. ಈ ಥರದ ಪ್ರಕರಣದಲ್ಲಿ ಅದು ಎಷ್ಟು ದೊಡ್ಡ ಹೊತ್ತು ಅಂತ ನಂತರ ಗೊತ್ತಾಯಿತು. ವಂಚಕರು ಅವರ ಬಾಯಿ ಕಟ್ಟಿದ್ದು ಬೆದರಿಕೆಯಿಂದ. ನಾನು ಬೈಗುಳದಿಂದ ಕಟ್ಟಿದೆ. ಎರಡರಿಂದಲೂ ಆದ ನಷ್ಟ ಒಂದೇ ಥರದ್ದು.

1930

6 ಗಂಟೆ 10 ನಿಮಿಷಕ್ಕೆ 1930ಕ್ಕೆ ಫೋನ್ ಮಾಡಿದೆ. ಇದು ಕೇಂದ್ರ ಗೃಹ ಇಲಾಖೆಯ ಸೈಬರ್ ವಂಚನೆ ಸಹಾಯವಾಣಿ, ದೇಶಕ್ಕೆಲ್ಲ ಒಂದೇ ನಂಬರ್. ಅವರು ಕೇಳಿದ್ದು ಇಷ್ಟು: ಹಣ ಕಳಕೊಂಡವರ ಹೆಸರು, ಮೊಬೈಲ್, ಬ್ಯಾಂಕು ಮತ್ತು ಖಾತೆ ನಂಬರ್, ಎಷ್ಟು ಹಣ, ಯಾವಾಗ, ಯಾವ ಖಾತೆಗೆ, ಮತ್ತು ವಹಿವಾಟಿನ ನಂಬರ್. ಆರ್‌ಟಿಜಿಎಸ್ ಆದರೆ 22 ಅಕ್ಷರ-ಅಂಕಿಗಳ ಯುಟಿಆರ್, ಐಎಂಪಿಎಸ್ ಅಥವಾ ಯುಪಿಐ ಆದರೆ 12 ಅಂಕಿಯ ರೆಫರೆನ್ಸ್ ನಂಬರ್. ಬ್ಯಾಂಕಿನ ಎಸ್‌ಎಂಎಸ್‌ನಲ್ಲಿ ಅಥವಾ ಚಲನ್ ಮೇಲೆ ಇರುತ್ತದೆ. ಇದನ್ನು ಕೈಯಲ್ಲಿ ಹಿಡಿದುಕೊಂಡೇ ಫೋನ್ ಮಾಡಿದರೆ ಕೆಲಸ ಬೇಗ ಆಗುತ್ತದೆ. ಹುಡುಕುವುದು ತಡವಾಗುತ್ತದೆ ಅಂತ ಫೋನನ್ನು ಮಾತ್ರ ಮುಂದೂಡಬೇಡಿ.

1930ಕ್ಕೇ ಮೊದಲು ಯಾಕೆ ಫೋನ್ ಮಾಡಬೇಕು ಅಂದರೆ, ಅಲ್ಲಿ ದೂರು ಹತ್ತಿದ ಕೂಡಲೇ ಅದು ನಮ್ಮ ಬ್ಯಾಂಕಿಗೂ ಹಣ ಸೇರಿದ ಬ್ಯಾಂಕಿಗೂ ಒಂದೇ ವ್ಯವಸ್ಥೆಯಲ್ಲಿ ಹೋಗುತ್ತದೆ. ಆ ಖಾತೆಯಲ್ಲಿ ಹಣ ಇನ್ನೂ ಇದ್ದರೆ ಅದನ್ನು ತಡೆಹಿಡಿಯುತ್ತಾರೆ. ಮುಂದಕ್ಕೆ ಹೋಗಿದ್ದರೆ ಆ ಮುಂದಿನ ಬ್ಯಾಂಕಿಗೆ ದೂರು ಹೋಗುತ್ತದೆ. ಹೀಗೆ ದೂರು ಹಣದ ಬೆನ್ನು ಹತ್ತಿ ಓಡುತ್ತದೆ. ಹಣ ಎಟಿಎಂನಿಂದ ನೋಟಾಗಿ ಹೊರಗೆ ಬಂದರೆ ಅಥವಾ ಕ್ರಿಪ್ಟೊ ಆದರೆ ಹಿಡಿಯುವುದು ಬಹಳ ಕಷ್ಟ. ಹಾಗಾಗಿ ನೆಂಟರಿಗೆ ಹೇಳುವುದು, ಪರಿಚಯದ ಪೊಲೀಸರನ್ನು ಹುಡುಕುವುದು, ಬ್ಯಾಂಕ್ ತೆರೆಯಲಿ ಅಂತ 10 ಗಂಟೆವರೆಗೆ ಕಾಯುವುದು, ಇವೆಲ್ಲ ಆಮೇಲೆ.

ಮೊಬೈಲಿಗೆ ದೂರಿನ ನಂಬರ್ ಬಂತು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲಿ 24 ಗಂಟೆಯೊಳಗೆ ಪೂರ್ತಿ ದೂರು ದಾಖಲಿಸಬೇಕು. ಪುಣೆಯ ಅಣ್ಣ ಅಲ್ಲಿಂದಲೇ ಅದನ್ನು ತುಂಬಿದ. ನಾನು ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿ ದೊಡ್ಡಮ್ಮನ ನೆಟ್ ಬ್ಯಾಂಕಿಂಗ್ ನಿಲ್ಲಿಸಿಸಿದೆ. ಹತ್ತು ಗಂಟೆಗೆ ಇಬ್ಬರೂ ಸಿಇಎನ್ ಠಾಣೆಗೆ ಹೋದೆವು. ಕರ್ನಾಟಕದಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳಿಗೆ ಇರುವ ಠಾಣೆ ಅದು. ಅದು ದೂರ ಆದರೆ ಹತ್ತಿರದ ಯಾವ ಠಾಣೆಗೆ ಹೋದರೂ ಆಗುತ್ತದೆ. ಹೊಸ ಕಾನೂನಿನಲ್ಲಿ, ಅಂದರೆ 2024ರ ಜುಲೈ 1ರಿಂದ ಜಾರಿಯಾದ ಬಿಎನ್‌ಎಸ್‌ಎಸ್‌ನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ), ಅಪರಾಧ ಎಲ್ಲೇ ಆಗಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು.

ಸಾಕ್ಷ್ಯದ ವಿಷಯದಲ್ಲಿ ಒಂದು ಎಡವಟ್ಟು ಆಗಿತ್ತು. ವಂಚಕರು ಬುಧವಾರವೇ ದೊಡ್ಡಮ್ಮನಿಂದ ವಾಟ್ಸಾಪ್ ಚಾಟ್ ಡಿಲೀಟ್ ಮಾಡಿಸಿದ್ದರು. ಆದರೆ ಅವರು ಕಳಿಸಿದ್ದ ನಕಲಿ ‘ವಾರೆಂಟ್’ ಪಿಡಿಎಫ್ ಫೋನಿನ ಫೈಲ್‌ಗಳಲ್ಲಿ ಉಳಿದಿತ್ತು, ಕಾಲ್ ಪಟ್ಟಿಯಲ್ಲಿ ನಂಬರ್‌ಗಳಿದ್ದವು, ಬ್ಯಾಂಕಿನ ಚಲನ್ ಇತ್ತು. ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕಿಸಿ, ಖಾತೆಯ ಸ್ಟೇಟ್‌ಮೆಂಟ್ ಜೊತೆ ಕೊಟ್ಟೆವು. ಸಿಟ್ಟಿನಲ್ಲಿ ನಾನು ಆ ನಂಬರನ್ನು ಬ್ಲಾಕ್ ಮಾಡಿ ಎಲ್ಲ ಅಳಿಸಿಬಿಡೋಣ ಅಂದಿದ್ದೆ. ಅಣ್ಣ ತಡೆದ.

ಆ ಚಲನ್ ಮತ್ತು ಆ ವಾರೆಂಟ್

ಆರ್‌ಟಿಜಿಎಸ್ ಚಲನ್‌ನ ಕಾರ್ಬನ್ ಪ್ರತಿ ನನ್ನ ಹತ್ತಿರ ಈಗಲೂ ಇದೆ. ‘ಹಣ ಪಡೆಯುವವರ ಹೆಸರು’ ಅನ್ನುವಲ್ಲಿ ದೊಡ್ಡಮ್ಮನ ದುಂಡಗಿನ ಟೀಚರ್ ಅಕ್ಷರದಲ್ಲಿ ಯಾವುದೋ ಒಂದು ‘ಎಂಟರ್‌ಪ್ರೈಸಸ್’ ಅಂತ ಬರೆದಿದೆ. ರಿಸರ್ವ್ ಬ್ಯಾಂಕಿನ ಖಾತೆಗೆ ಎಂಟರ್‌ಪ್ರೈಸಸ್ ಅಂತ ಹೆಸರು ಯಾಕಿರುತ್ತದೆ? ಅವರೇ ಕೈಯಾರೆ ಬರೆದಿದ್ದಾರೆ, ಆದರೆ ಓದಿಲ್ಲ. ಹೆದರಿದ ಮನುಷ್ಯ ಬರೆಯಬಲ್ಲ, ಓದಲಾರ. ರಿಸರ್ವ್ ಬ್ಯಾಂಕ್ ಸಾಮಾನ್ಯ ಜನರ ಹಣವನ್ನು ಪರಿಶೀಲನೆಗೆ ಅಂತ ತರಿಸಿಕೊಳ್ಳುವುದೇ ಇಲ್ಲ. ಪೊಲೀಸರಿಗೆ ಒಂದು ಖಾತೆಯ ಮೇಲೆ ಅನುಮಾನ ಬಂದರೆ ಅದನ್ನು ಇದ್ದಲ್ಲೇ ತಡೆಹಿಡಿಸುತ್ತಾರೆ. ಬೇರೆ ಕಡೆ ಹಾಕಿ ಅನ್ನುವುದಿಲ್ಲ.

ವಾರೆಂಟಿನ ಮೇಲೆ ದೊಡ್ಡಮ್ಮನ ಹೆಸರು, ಆಧಾರ್ ನಂಬರ್ ಸರಿಯಾಗೇ ಇದ್ದವು. ಅವರು ನಂಬಿದ್ದೇ ಅದಕ್ಕೆ. ಆಧಾರ್ ಪ್ರತಿಯನ್ನು ನಾವು ಲಾಡ್ಜಿಗೆ, ಸಿಮ್ ಅಂಗಡಿಗೆ, ಜೆರಾಕ್ಸ್ ಅಂಗಡಿಗೆ ಎಷ್ಟು ಕಡೆ ಕೊಟ್ಟಿರುತ್ತೇವೆ ಅಂತ ಯೋಚಿಸಿದರೆ, ಅದು ಇನ್ನೊಬ್ಬರ ಕೈಗೆ ಸಿಕ್ಕಿದ್ದರಲ್ಲಿ ಆಶ್ಚರ್ಯ ಇಲ್ಲ. ಉಳಿದದ್ದು ನೋಡಿದರೆ, ಒಂದೇ ಹಾಳೆಯಲ್ಲಿ ಸಿಬಿಐ, ಇ.ಡಿ., ರಿಸರ್ವ್ ಬ್ಯಾಂಕ್ ಮೂರರ ಮುದ್ರೆ. ನ್ಯಾಯಾಧೀಶರ ಸಹಿ ಇದೆ, ಯಾವ ನ್ಯಾಯಾಲಯ ಅಂತ ಇಲ್ಲ.

‘ಡಿಜಿಟಲ್ ಅರೆಸ್ಟ್’ ಅನ್ನುವುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ವಿಚಾರಣೆಗೆ ಕರೆಯಬೇಕಾದರೆ ನೋಟಿಸ್ ಕೊಡುತ್ತಾರೆ, ಠಾಣೆಗೆ ಬನ್ನಿ ಅನ್ನುತ್ತಾರೆ. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ವಿಶೇಷ ಸಂದರ್ಭ ಬಿಟ್ಟರೆ ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ ಬಂಧಿಸುವ ಹಾಗೇ ಇಲ್ಲ. ನಾನು ಇದನ್ನು ಹೇಳಿದಾಗ ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಸಂವಿಧಾನದ ಇಪ್ಪತ್ತೆರಡನೇ ವಿಧಿ. ಎಷ್ಟು ಬ್ಯಾಚಿಗೆ ಪಾಠ ಮಾಡಿದೀನಿ’ ಅಂದರು.

ತಿಳಿವಳಿಕೆ ಇದ್ದವರು ಬೀಳುವುದಿಲ್ಲ ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. 2024ರಲ್ಲಿ ವರ್ಧಮಾನ್ ಗ್ರೂಪ್‌ನಂಥ ದೊಡ್ಡ ಜವಳಿ ಸಂಸ್ಥೆಯ ಅಧ್ಯಕ್ಷ ಎಸ್.ಪಿ. ಓಸ್ವಾಲ್ ಅವರಿಗೇ ಹೀಗೆ ಮಾಡಿ, ವಿಡಿಯೊದಲ್ಲಿ ಸುಪ್ರೀಂ ಕೋರ್ಟಿನ ನಕಲಿ ವಿಚಾರಣೆ ನಡೆಸಿ, 7 ಕೋಟಿ ರೂಪಾಯಿ ಕಿತ್ತುಕೊಂಡರು. ಅದೇ ವರ್ಷ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ಈ ವಂಚನೆಯ ಬಗ್ಗೆ ಎಚ್ಚರಿಸುವಾಗ ಕೇಳಿಸಿದ್ದು ನಮ್ಮ ವಿಜಯಪುರದವರೊಬ್ಬರಿಗೆ ಬಂದ ಕಾಲ್‌ನ ರೆಕಾರ್ಡಿಂಗ್. ಆ ಸುದ್ದಿಯನ್ನು ದೊಡ್ಡಮ್ಮ ಪೇಪರ್‌ನಲ್ಲಿ ಓದಿದ್ದರು. ಓದಿದ್ದನ್ನು ನೆನಪಿಸಿಕೊಂಡು ಆ ‘ಅಧಿಕಾರಿ’ಯನ್ನೇ ಕೇಳಿದರಂತೆ. ‘ಹೌದಮ್ಮ, ಅಂಥ ಕಳ್ಳರು ಜಾಸ್ತಿ ಆಗಿದ್ದಾರೆ, ಅದಕ್ಕೇ ನಾವು ತನಿಖೆ ಮಾಡ್ತಿರೋದು’ ಅಂದನಂತೆ. ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದಲ್ಲಿ ಡಿಜಿಟಲ್ ಅರೆಸ್ಟ್ ಮತ್ತು ಅದಕ್ಕೆ ಸಂಬಂಧಿಸಿದ ಪ್ರಕರಣಗಳು 2022ರಲ್ಲಿ 39,925, ಹೋದ ಹಣ 91.14 ಕೋಟಿ. 2024ರಲ್ಲಿ ಪ್ರಕರಣ 1,23,672, ಹಣ 1,935.51 ಕೋಟಿ. ಇದು ದೂರು ಕೊಟ್ಟವರ ಲೆಕ್ಕ ಮಾತ್ರ. ಎಷ್ಟು ಮನೆಯಲ್ಲಿ ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಂಡಿದ್ದಾರೋ.

ಹಣ ಎಲ್ಲಿ ಹೋಯಿತು

ತನಿಖೆ ಮಾಡಿದ ಅಧಿಕಾರಿ ನಮಗೆ ಹಣದ ದಾರಿಯನ್ನು ಒಂದು ಹಾಳೆಯಲ್ಲಿ ಗೆರೆ ಎಳೆದು ತೋರಿಸಿದರು. ಬುಧವಾರ ಬೆಳಿಗ್ಗೆ ಹೋದ 6,40,000 ಮುಕ್ಕಾಲು ಗಂಟೆಯೊಳಗೆ ಒಂಬತ್ತು ಖಾತೆಗಳಿಗೆ ಚದುರಿತ್ತು. ಬುಧವಾರ ಮಧ್ಯಾಹ್ನದ ಹೊತ್ತಿಗೇ ಅದರ ಬಹುಪಾಲು ಬೇರೆ ಬೇರೆ ರಾಜ್ಯಗಳ ಎಟಿಎಂಗಳಲ್ಲಿ ನೋಟಾಗಿತ್ತು. ಅದರಲ್ಲಿ ಸಿಕ್ಕಿದ್ದು 85,000. ಮಧ್ಯಾಹ್ನದ 1,90,000 ಮಾತ್ರ ಎರಡನೇ ಹಂತದ ಖಾತೆಯಲ್ಲಿ ರಾತ್ರಿಯಿಡೀ ನಿಂತಿತ್ತು. ಬೆಳಗಿನ ಜಾವ 5ರ ಸುಮಾರಿಗೆ ಅದರಲ್ಲಿ 78,000 ತೆಗೆದಿದ್ದರು. ಉಳಿದ 1,12,000 ತಡೆಹಿಡಿಯಲು ಸಿಕ್ಕಿತು. ರಾತ್ರಿಯೇ ದೂರು ಕೊಟ್ಟಿದ್ದರೆ ಆ 78,000 ಸಿಗುತ್ತಿತ್ತು. ನನ್ನ ಬೈಗುಳದ ಬೆಲೆ ಅಷ್ಟು ಅಂತ ಲೆಕ್ಕ ಸಮೇತ ಕಣ್ಣ ಮುಂದೆ ಇತ್ತು.

ಆ ಒಂಬತ್ತು ಖಾತೆಗಳು ಕಳ್ಳರ ಹೆಸರಿನಲ್ಲಿ ಇರಲಿಲ್ಲ. ಬಾಡಿಗೆ ಖಾತೆಗಳು. ಕಾಲೇಜು ಹುಡುಗರು, ಕೂಲಿಯವರು, ಸಣ್ಣ ಅಂಗಡಿಯವರು ಐದು ಸಾವಿರಕ್ಕೋ ಹತ್ತು ಸಾವಿರಕ್ಕೋ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಕೊಟ್ಟುಬಿಡುತ್ತಾರೆ. ಫೋನ್ ಮಾಡುವವರಲ್ಲಿ ಎಷ್ಟೋ ಜನ ಕಾಂಬೋಡಿಯಾ, ಮ್ಯಾನ್ಮಾರ್ ಕಡೆಯ ವಂಚನೆಯ ಅಡ್ಡೆಗಳಲ್ಲಿ ಕೂತಿರುತ್ತಾರೆ. ಪೊಲೀಸರು ಮೊದಲು ಬಾಗಿಲು ತಟ್ಟುವುದು ಖಾತೆ ಕೊಟ್ಟ ಹುಡುಗನ ಮನೆಯದ್ದು. ನಮ್ಮ ಸಂಘಕ್ಕೆ ಖಾತೆ ತೆರೆಯಲು ಬರುವ ಹುಡುಗರಿಗೆ ನಾನು ಈಗ ಇದನ್ನು ಬಿಡಿಸಿ ಹೇಳುತ್ತೇನೆ.

ತಡೆಹಿಡಿದ ಹಣ ತಾನಾಗಿ ವಾಪಸ್ ಬರಲಿಲ್ಲ. ವಕೀಲರ ಮೂಲಕ ನ್ಯಾಯಾಲಯಕ್ಕೆ ಅರ್ಜಿ ಹಾಕಿ, ಆದೇಶ ತಂದು, ಬ್ಯಾಂಕುಗಳಿಗೆ ಕೊಡಬೇಕಾಯಿತು. ಐದು ತಿಂಗಳ ಮೇಲೆ 1,97,000 ದೊಡ್ಡಮ್ಮನ ಖಾತೆಗೆ ಬಂತು. ನಮಗೆ ಗೊತ್ತಿಲ್ಲದೆ ಹೊರಗಿನವರು ಖಾತೆಗೆ ಕೈ ಹಾಕಿ, ನಮ್ಮದೂ ಬ್ಯಾಂಕಿನದೂ ತಪ್ಪಿಲ್ಲದಿದ್ದರೆ, 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಮ್ಮ ತಲೆಗೆ ಬರುವುದಿಲ್ಲ ಅಂತ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಆಗ ಹೇಳುತ್ತಿತ್ತು. ಇಲ್ಲಿ ದೊಡ್ಡಮ್ಮನೇ ಸಹಿ ಹಾಕಿ ಕಳಿಸಿದ್ದರಿಂದ ಅದು ನೆರವಿಗೆ ಬರಲಿಲ್ಲ.

ನಡುವೆ ಇನ್ನೊಂದು ಫೋನ್ ಬಂತು. ‘ಸೈಬರ್ ಲಾಯರ್’ ಅಂತೆ. ಹೋದ ಹಣ ಪೂರ್ತಿ ತರಿಸಿ ಕೊಡುತ್ತಾನಂತೆ, ಮೊದಲು 15,000 ಫೀಸ್ ಕಟ್ಟಬೇಕಂತೆ. ಒಮ್ಮೆ ಮೋಸ ಹೋದವರನ್ನು ಹುಡುಕಿಕೊಂಡು ಬರುವ ಎರಡನೇ ಮೋಸ ಇದು. ದೊಡ್ಡಮ್ಮ ಈ ಸಲ ಕಾಲ್ ಕಟ್ ಮಾಡಿ, ನನಗೆ ಹೇಳಿ, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನ ‘ಚಕ್ಷು’ವಿನಲ್ಲಿ ಆ ನಂಬರನ್ನು ವರದಿ ಮಾಡಿದರು. ಹಣ ಹೋಗದೆ ಬರೀ ಅನುಮಾನದ ಕರೆ ಬಂದಾಗ ತಿಳಿಸುವ ಜಾಗ ಅದು. ಹಣ ಹೋದರೆ 1930. ಅದೇ ಸಂಚಾರ್ ಸಾಥಿಯಲ್ಲಿ ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇದೆ ಅಂತಲೂ ನೋಡಬಹುದು. ದೊಡ್ಡಮ್ಮನ ಹೆಸರಿನಲ್ಲಿ ಇದ್ದದ್ದು ಎರಡು: ಒಂದು ಅವರದು, ಇನ್ನೊಂದು ದೊಡ್ಡಪ್ಪ ಬಳಸುತ್ತಿದ್ದದ್ದು. ಮುಂಬೈಯ ಸಿಮ್ ಇರಲೇ ಇಲ್ಲ. ಆ ಪುಟವನ್ನು ಅವರು ಬಹಳ ಹೊತ್ತು ನೋಡುತ್ತಾ ಕೂತಿದ್ದರು.

ನಮ್ಮ ಪ್ರಕರಣವಾದ ಮೇಲೆ, 2025ರ ಅಕ್ಟೋಬರ್‌ನಲ್ಲಿ, ಹರಿಯಾಣದ ಅಂಬಾಲಾದ ವೃದ್ಧೆಯೊಬ್ಬರ ದೂರಿನ ಮೇಲೆ ಸುಪ್ರೀಂ ಕೋರ್ಟ್ ತಾನಾಗಿಯೇ ಈ ವಂಚನೆಯನ್ನು ಕೈಗೆತ್ತಿಕೊಂಡಿತು. ಡಿಸೆಂಬರ್ 1ರಂದು ದೇಶದ ಡಿಜಿಟಲ್ ಅರೆಸ್ಟ್ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ವಹಿಸಿತು. ದೊಡ್ಡಮ್ಮ ಆ ಸುದ್ದಿಯನ್ನು ಕತ್ತರಿಸಿ ಡೈರಿಯಲ್ಲಿ ಇಟ್ಟುಕೊಂಡಿದ್ದಾರೆ.

ಹಣ ವಾಪಸ್ ಬಂದ ವಾರ ಅವರು ಬ್ಯಾಂಕಿಗೆ ಹೋಗಿ ಕೌಂಟರಿನ ಆ ಹುಡುಗಿಯನ್ನು ಹುಡುಕಿದರು. ನಾನೂ ಜೊತೆಗಿದ್ದೆ. ‘ಅವತ್ತು ನೀನು ಕೇಳಿದೆಯಮ್ಮ, ನಾನು ಸೈಟ್ ಅಂತ ಸುಳ್ಳು ಹೇಳಿದೆ’ ಅಂದರು. ಆ ಹುಡುಗಿಗೆ ವಿಷಯ ಗೊತ್ತಿರಲಿಲ್ಲ. ಪೂರ್ತಿ ಕೇಳಿ ಅವಳ ಕಣ್ಣಲ್ಲಿ ನೀರು ಬಂತು. ‘ಮೇಡಂ, ನಾನು ಇನ್ನೇನು ಕೇಳಬೇಕಿತ್ತು?’ ಅಂದಳು. ದೊಡ್ಡಮ್ಮ ಸ್ವಲ್ಪ ಯೋಚಿಸಿ, ‘ಬ್ಯಾಗಲ್ಲಿ ಫೋನ್ ಚಾಲೂ ಇದೆಯಾ ಅಂತ ಕೇಳು. ಕೇಳಬೇಡ, ಚೀಟಿಯಲ್ಲಿ ಬರೆದು ತೋರಿಸು. ಅವರಿಗೆ ಕೇಳಿಸಬಾರದು’ ಅಂದರು.

ಈಗ ಆ ಕೌಂಟರಿನ ಗಾಜಿನ ಒಳಗೆ ಒಂದು ಹಾಳೆ ಅಂಟಿಸಿದೆ. ‘ಯಾರಾದರೂ ಫೋನಿನಲ್ಲಿ ಹೆದರಿಸುತ್ತಿದ್ದಾರಾ? ಮಾತಾಡಬೇಡಿ, ತಲೆ ಆಡಿಸಿ ಸಾಕು.’ ಅಕ್ಷರ ದೊಡ್ಡಮ್ಮನದೇ.